ಕೈಕಾಲು ಚಾಚಿ ನೆಗೆಯುವ ವ್ಯಾಯಾಮ: ಕ್ರಮವೂ ಪ್ರಯೋಜನವೂ

ನಮ್ಮ ಶಾಲೆಯ ಕವಾಯತಿನಲ್ಲಿ ನೀವು ಮಾಡುವ ‘ಜಂಪಿಂಗ್ ಜ್ಯಾಕ್’ ಎಂಬ ವ್ಯಾಯಾಮವು, ದಾರವನ್ನೆಳೆದರೆ ಕೈಕಾಲುಗಳನ್ನು ಅಗಲಿಸುವ ಒಂದು ಆಟಿಕೆಯಿಂದ ಆ ಹೆಸರನ್ನು ಪಡೆದಿದೆ. ಯಕ್ಷಗಾನ ಬೊಂಬೆಯಾಟವುಳ್ಳ ಕಾಸರಗೋಡಿನ ಮಕ್ಕಳಿಗೆ ಸೂತ್ರದ ಬೊಂಬೆ ಹೊಸದಲ್ಲ. ಆದರೆ ಬೊಂಬೆಗೆ ನೋವಿಲ್ಲ, ನಮಗುಂಟು. ಆದುದರಿಂದ ಇದನ್ನು ಅರಿತು ಮಾಡಬೇಕು.

ಮಾಡುವ ಕ್ರಮ

ಪಾದಗಳನ್ನು ಜೋಡಿಸಿ, ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು ನೆಟ್ಟಗೆ ನಿಲ್ಲಬೇಕು. ‘ಒಂದು’ ಎಂದಾಗ ಮೆಲ್ಲನೆ ನೆಗೆದು, ಕಾಲುಗಳನ್ನು ಭುಜಗಳಿಗಿಂತ ತುಸು ಅಗಲವಾಗಿಸಿ, ಕೈಗಳನ್ನು ಪಕ್ಕದಿಂದ ತಲೆಯ ಮೇಲಕ್ಕೆ ಒಯ್ಯಬೇಕು. ‘ಎರಡು’ ಎಂದಾಗ ನೆಗೆದು ಮೊದಲಿನ ಸ್ಥಿತಿಗೆ ಬರಬೇಕು. ಇಳಿಯುವಾಗ ಮುಂಗಾಲು ಮೊದಲು ನೆಲವನ್ನು ಮುಟ್ಟಿ, ಹಿಮ್ಮಡಿ ಬಳಿಕ ಮೆತ್ತಗೆ ಊರಬೇಕು. ಮೊಣಕಾಲುಗಳು ತುಸು ಬಾಗಿರಲಿ. ಅವು ಒಳಕ್ಕೆ ವಾಲದಿರಲಿ. ಉಸಿರನ್ನು ಬಿಗಿಹಿಡಿಯಲಾಗದು.

ದುಡಿಯುವ ಸ್ನಾಯುಗಳು

ನೆಲವನ್ನು ಒದ್ದು ಮೇಲೇಳಲು ಮೀನಖಂಡವೂ ತೊಡೆಯ ಮುಂಭಾಗದ ಸ್ನಾಯುಗಳೂ ದುಡಿಯುತ್ತವೆ. ಕಾಲುಗಳನ್ನು ಅಗಲಿಸಲು ಸೊಂಟದ ಹೊರಬದಿಯ ಸ್ನಾಯುಗಳು, ಕೂಡಿಸಲು ಒಳತೊಡೆಯ ಸ್ನಾಯುಗಳು ಬೇಕು. ಭುಜವನ್ನು ಮುಚ್ಚಿರುವ ತ್ರಿಕೋನಾಕಾರದ ಸ್ನಾಯು ತೋಳನ್ನೆತ್ತುತ್ತದೆ. ತೋಳು ತಲೆಯ ಮೇಲಕ್ಕೇರುವಾಗ ಹೆಗಲೆಲುಬನ್ನು ತಿರುಗಿಸುವ ಸ್ನಾಯುಗಳೂ ಜತೆಗೂಡುತ್ತವೆ. ಬೆನ್ನು ಮತ್ತು ಹೊಟ್ಟೆಯ ಸ್ನಾಯುಗಳು ಮುಂಡವನ್ನು ಸ್ಥಿರವಾಗಿಡುತ್ತವೆ. ಹೃದಯವೂ ಒಂದು ಸ್ನಾಯುವೇ. ಇಷ್ಟೆಲ್ಲಕ್ಕೂ ರಕ್ತವನ್ನು ಒದಗಿಸಲು ಅದು ವೇಗವಾಗಿ ಬಡಿಯುತ್ತದೆ.

ಇಳಿಯುವಾಗ ಮೀನಖಂಡವೂ ತೊಡೆಯೂ ಇನ್ನೊಂದು ಬಗೆಯಲ್ಲಿ ದುಡಿಯುತ್ತವೆ. ಅವು ನೀಳವಾಗುತ್ತಲೇ ದೇಹದ ಭಾರವನ್ನು ತಡೆಹಿಡಿಯುತ್ತವೆ. ಮೊಣಕಾಲು ಸೆಟೆದಿದ್ದರೆ ಆ ಕೆಲಸ ನಡೆಯದೆ, ಪೆಟ್ಟು ಹಿಮ್ಮಡಿಗೂ ಕೀಲುಗಳಿಗೂ ತಗಲುತ್ತದೆ.

ನಾವು ಕಲಿತ ಪಾಠ

ಇದನ್ನು ನಾವು ತಡವಾಗಿ ಕಲಿತೆವು. ಕೆಲವು ವರ್ಷಗಳ ಹಿಂದೆ, ಹೆಚ್ಚು ಸಲ ನೆಗೆದವನಿಗೆ ಬಹುಮಾನವೆಂದು ನಾವೇ ಸಾರಿದೆವು. ಮಳೆಗಾಲವಾದುದರಿಂದ ಸ್ಪರ್ಧೆಯನ್ನು ಸಿಮೆಂಟಿನ ಜಗಲಿಯಲ್ಲಿ ನಡೆಸಿದೆವು. ಗೆದ್ದ ಬಾಲಕನು ಕುಂಟುತ್ತಾ ಮನೆಗೆ ಹೋದನು. ಮರುದಿನ ಅವನ ತಂದೆ ಬಂದರು. ಅಡಕೆಮರವೇರಿ ಕೊನೆ ಕೊಯ್ಯುವುದು ಅವರ ವೃತ್ತಿ. ಸಿಟ್ಟಾಗದೆ ಒಂದೇ ಮಾತು ಕೇಳಿದರು: “ಮಾಷ್ಟ್ರೇ, ಮರ ಹತ್ತುವವನಿಗೆ ಇಳಿಯುವುದನ್ನೂ ಕಲಿಸಬೇಕಲ್ಲವೇ?” ನಮ್ಮಲ್ಲಿ ಉತ್ತರವಿರಲಿಲ್ಲ. ಹುಡುಗನು ಕೆಲವು ದಿನಗಳಲ್ಲಿ ಗುಣ ಹೊಂದಿದನು. ಆ ಸ್ಪರ್ಧೆಯನ್ನು ನಾವು ಮತ್ತೆ ನಡೆಸಲಿಲ್ಲ.

ಈಗ ಒಮ್ಮೆಗೆ 10ರಿಂದ 15 ಸಲ, ನಡುವೆ ವಿಶ್ರಾಂತಿ, ಹೀಗೆ ಎರಡು ಮೂರು ಆವೃತ್ತಿಗಳಷ್ಟೇ. ನೆಲ ಒದ್ದೆಯಾಗಿದ್ದರೆ ನೆಗೆಯದೆ, ಒಂದೊಂದೇ ಕಾಲನ್ನು ಪಕ್ಕಕ್ಕಿಟ್ಟು ಕೈಗಳನ್ನೆತ್ತಿದರೆ ಸಾಕು. ನೋವಾದರೆ ಕೂಡಲೇ ನಿಲ್ಲಿಸಬೇಕು. ಅದನ್ನು ಹೇಳಿಕೊಳ್ಳುವುದು ಹೇಡಿತನವಲ್ಲ.

ತಂದೆತಾಯಿಯರಲ್ಲಿ ವಿಜ್ಞಾಪನೆ

ಕವಾಯತಿನಿಂದ ಓದಿನ ಹೊತ್ತು ಹಾಳಾಗುವುದೆಂದು ಕೆಲವರು ಭಾವಿಸುತ್ತಾರೆ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಾದ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಗಸೂಚಿಯಲ್ಲಿ ತಿಳಿಸಿದೆ. ಸ್ನಾಯು ಮತ್ತು ಎಲುಬುಗಳನ್ನು ಬಲಪಡಿಸುವ ಚಟುವಟಿಕೆ ವಾರಕ್ಕೆ 3 ದಿನವಾದರೂ ಇರಬೇಕೆಂದಿದೆ. ಹೆಣ್ಣುಮಕ್ಕಳಿಗೂ ಇದು ಅಷ್ಟೇ ಅಗತ್ಯ. ಸಂಜೆ ಮಗುವು ಅಂಗಳದಲ್ಲಿ ನೆಗೆಯುವಾಗ ಎಣಿಸುವ ಬದಲು ಕಿವಿಗೊಟ್ಟು ಕೇಳಿರಿ. ಪಾದದ ಸದ್ದು ದೊಡ್ಡದಾಗಿದ್ದರೆ, ಮೊಣಕಾಲನ್ನು ಇನ್ನಷ್ಟು ಬಾಗಿಸಿ ಮೆಲ್ಲನೆ ಇಳಿಯಲು ಹೇಳಿರಿ.