ಹಳೇ ಸ್ಪೀಕರ್ ಬಿಚ್ಚುವ ಮುಂಚೆ

ನೋಡಪ್ಪ, ಬಾಸ್ಟನ್ನಿನಲ್ಲಿ ಯಾರೋ ಮನೆ ಖಾಲಿ ಮಾಡುವಾಗ ನಿನಗೆ ಎಆರ್-3ಎ ಸ್ಪೀಕರ್ ಜೋಡಿ ಸಿಕ್ಕಿತಂತೆ, ನಿಮ್ಮಮ್ಮ ಹೇಳಿದಳು. ಆಗಲೇ ದುಬಾರಿ ಕಂಡೆನ್ಸರು, ಹೊಸ ಟ್ವೀಟರು, ದಪ್ಪ ವೈರು ಅಂತ ಪಟ್ಟಿ ಮಾಡಿಕೊಂಡು ಕೂತಿದ್ದೀಯಂತೆ. ಸ್ವಲ್ಪ ತಡಿ. ಹಳೇ ಸ್ಪೀಕರುಗಳು ವಯಸ್ಸಾಗಿ ಕೆಟ್ಟಿದ್ದಕ್ಕಿಂತ ಉತ್ಸಾಹಿಗಳ ಕೈಗೆ ಸಿಕ್ಕಿ ಕೆಟ್ಟಿದ್ದೇ ಜಾಸ್ತಿ ಅಂತ ನನ್ನ ಅಭಿಪ್ರಾಯ.

ಆ ಪೆಟ್ಟಿಗೆ ಹುಟ್ಟಿದ್ದು ನಿನ್ನ ಊರಿನ ಪಕ್ಕದ ಕೇಂಬ್ರಿಜ್‌ನಲ್ಲೇ. ಅಲ್ಲಿಯವರೆಗೆ ಒಳ್ಳೇ ಬೇಸ್ ಬೇಕೆಂದರೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಕಿತ್ತು. ಎಡ್ಗರ್ ವಿಲ್ಚರ್ ಅನ್ನುವಾತ 1954ರಲ್ಲಿ ಅದನ್ನು ತಲೆಕೆಳಗು ಮಾಡಿದ. ಸಣ್ಣ ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿ, ಒಳಗಿನ ಗಾಳಿಯನ್ನೇ ಸ್ಪ್ರಿಂಗ್ ಆಗಿ ಬಳಸಿದ. ವೂಫರಿನ ಕೋನು ತಾನಾಗಿ ತೀರಾ ಸಡಿಲ. ಅದನ್ನು ಹಿಡಿದು ವಾಪಸ್ ತರುವುದು ಆ ಗಾಳಿ. ನಿನ್ನ ಕೈಗೆ ಸಿಕ್ಕಿರುವ ಮಾಡೆಲ್ಲು 1967ರದ್ದು, ಆದರೆ ಸೂತ್ರ ಅದೇ. ಇದೊಂದು ತಲೆಯಲ್ಲಿದ್ದರೆ ಅರ್ಧ ರಿಪೇರಿ ಆದ ಹಾಗೆ. ಗಾಳಿ ಸೋರಿದರೂ ಬೇಸ್ ಹೋಯಿತು, ಕೋನಿನ ಅಂಚು ಬಿಗಿಯಾದರೂ ಬೇಸ್ ಹೋಯಿತು.

ಅಂಚು ಅಂದೆನಲ್ಲ, ಮೊದಲು ನೋಡಬೇಕಾದ್ದು ಅದನ್ನೇ. ಶುರುವಿನ ತಯಾರಿಕೆಗೆ ಬಟ್ಟೆಯ ಅಂಚಿತ್ತು, ಆಮೇಲಿನವಕ್ಕೆ ಫೋಮ್ ಬಂತು. ಬಟ್ಟೆಯಾದರೆ ಕಿತ್ತು ಹಾಕಬೇಡ; ಮೇಲಿನ ಲೇಪ ಒಣಗಿ ಗಾಳಿ ಬಿಡುತ್ತಿದ್ದರೆ ಮತ್ತೆ ತೆಳ್ಳಗೆ ಬಳಿದರೆ ಸಾಕು. ಫೋಮ್ ಆದರೆ ಉಳಿದಿರುವ ಆಸೆ ಬೇಡ. ಗಾಳಿಯಲ್ಲಿರುವ ತೇವವೇ ಅದನ್ನು ವರ್ಷಗಟ್ಟಲೆ ತಿನ್ನುತ್ತದೆ, ಬೆರಳು ತಾಗಿದರೆ ಹಳೇ ರಸ್ಕಿನ ಹಾಗೆ ಉದುರುತ್ತದೆ. ಸ್ಪೀಕರನ್ನು ಬಳಸದೆ ಹಾಗೇ ಇಟ್ಟಿದ್ದರೂ ಇದು ತಪ್ಪಿದ್ದಲ್ಲ.

ಹೊಸ ಫೋಮ್ ಕೊಳ್ಳುವಾಗ 12 ಇಂಚಿನದು ಅಂತಷ್ಟೇ ಕೇಳಬೇಡ, ಇದೇ ವೂಫರಿಗೆ ಮಾಡಿದ ಮೆತ್ತನೆಯದನ್ನು ಕೇಳು. ಹಳೇ ಅಂಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿ ಸಾವಕಾಶವಾಗಿ ಕೆರೆದು ತೆಗಿ. ಕೋನು ಕಾಗದದ್ದು, ಅವಸರಪಟ್ಟರೆ ಹರಿಯುತ್ತದೆ. ನಿಧಾನವಾಗಿ ಒಣಗುವ ಬಿಳಿ ಅಂಟು ಹಾಕು. ಮೊದಲು ಕೋನಿಗೆ ಅಂಟಿಸಿ ಒಣಗಲು ಬಿಡು, ಹೊರಗಿನ ಚೌಕಟ್ಟಿಗೆ ಆಮೇಲೆ. ಅಂಟು ಹಸಿಯಿರುವಾಗಲೇ ಮಧ್ಯದ ಎರಡೂ ಬದಿಗೆ ಬೆರಳ ತುದಿ ಇಟ್ಟು ಕೋನನ್ನು ಸಮನಾಗಿ ಒತ್ತಿ ಬಿಡು. ಕರಕರ ಅಂದರೆ ಒಳಗಿನ ಕಾಯಿಲ್ ಮ್ಯಾಗ್ನೆಟ್ಟಿಗೆ ಉಜ್ಜುತ್ತಿದೆ ಅಂತ. ಕೂದಲೆಳೆಯಷ್ಟು ಸರಿಸಿ ಮತ್ತೆ ಒತ್ತಿ ನೋಡು. 30 ಹರ್ಟ್ಸ್ ಸ್ವರವನ್ನು ಸಣ್ಣಗೆ ಹಾಕಿ ಕೇಳಿದರೆ ಇನ್ನೂ ಖಾತ್ರಿ. ಮರುದಿನದವರೆಗೆ ಮುಟ್ಟಬೇಡ.

ಪೆಟ್ಟಿಗೆಯೊಳಗೆ ತುಂಬಿರುವ ಫೈಬರ್‌ಗ್ಲಾಸನ್ನು ತೆಗೆಯುವಾಗ ಗ್ಲೌಸು, ಮಾಸ್ಕು ಬೇಕೇ ಬೇಕು. ತೆಗೆದಷ್ಟನ್ನೂ ವಾಪಸ್ ತುಂಬು. ಅದು ಜಾಗ ತುಂಬಲು ಹಾಕಿದ್ದಲ್ಲ, ಆ ಗಾಳಿ ಸ್ಪ್ರಿಂಗಿನ ಲೆಕ್ಕದಲ್ಲಿ ಅದೂ ಸೇರಿದೆ.

ಟ್ವೀಟರ್ ಸದ್ದೇ ಇಲ್ಲ ಅಂತ ಅದನ್ನು ಸತ್ತವರ ಪಟ್ಟಿಗೆ ಸೇರಿಸಬೇಡ. ಹಿಂದೆ ಎರಡು ತಿರುಗುಗುಂಡಿ ಇವೆಯಲ್ಲ, ಒಂದು ಮಿಡ್‌ರೇಂಜಿಗೆ, ಒಂದು ಟ್ವೀಟರಿಗೆ, ಕಳ್ಳ ಇರುವುದು ಸಾಮಾನ್ಯವಾಗಿ ಅಲ್ಲಿ. ಒಳಗಿನ ತಂತಿಸುರುಳಿಗೆ ಹಸಿರು ಕಿಲುಬು ಹಿಡಿದು ಸಂಪರ್ಕ ಕಡಿದು ಹೋಗಿರುತ್ತದೆ. ಗುಂಡಿಯನ್ನು ಆಚೀಚೆ ತಿರುಗಿಸು. ಒಂದು ಕ್ಷಣ ಚರ್ ಅಂತ ಸದ್ದು ಬಂದು ಹೋದರೆ ಟ್ವೀಟರ್ ಬದುಕಿದೆ. ಗುಂಡಿಯನ್ನು ಬಿಚ್ಚಿ, ನುಣುಪು ಉಪ್ಪುಕಾಗದದಲ್ಲಿ ಉಜ್ಜಿ ಕೂರಿಸು. ತೀರಾ ಸವೆದಿದ್ದರೆ ಮಾತ್ರ ಹೊಸದು. ಟ್ವೀಟರ್ ತಂತಿ ಬಲು ನವುರು, ಅದರ ಹತ್ತಿರ ಸ್ಕ್ರೂಡ್ರೈವರ್ ಕೈಯಲ್ಲಿ ಹಿಡಿದು ಸುಳಿಯಲೇಬೇಡ.

ಇನ್ನು ನಿನ್ನ ಪ್ರೀತಿಯ ಕಂಡೆನ್ಸರುಗಳು. ಒಂದು ಪೆಟ್ಟಿಗೆಗೆ ಮೂರು: ಟ್ವೀಟರಿಗೆ 6, ಮಿಡ್‌ರೇಂಜಿಗೆ 50, ವೂಫರಿಗೆ 150 ಮೈಕ್ರೊಫ್ಯಾರಡ್. ವಯಸ್ಸಾದಂತೆ ಅಳತೆ ಜಾರುತ್ತದೆ, ಒಳಗಿನ ತಡೆ ಏರುತ್ತದೆ. ಮೀಟರಿಗೆ ಹಿಡಿದು ನೋಡು, ಜಾರಿದ್ದನ್ನು ಬದಲಾಯಿಸು. 6ರದ್ದಕ್ಕೆ ಫಿಲ್ಮ್ ಕಂಡೆನ್ಸರ್ ಸಾಕು, ಬೆಲೆಯೂ ಕಡಿಮೆ. ಬೆಂಗಳೂರಿನಲ್ಲಿ ಇದ್ದಿದ್ದರೆ ನಾನು ಎಸ್.ಪಿ. ರೋಡಿಗೆ ಹೋಗಿ 3.15ರ ಫ್ಯಾನ್ ಕಂಡೆನ್ಸರ್ ಎರಡನ್ನು ತಂದು ಜೊತೆಗೂಡಿಸುತ್ತಿದ್ದೆ. ನೋಡಲು ಚೆಂದವಿಲ್ಲ, ಕೆಲಸಕ್ಕೆ ಕುಂದಿಲ್ಲ. 150ರದ್ದನ್ನು ಫಿಲ್ಮಿನಲ್ಲಿ ಹುಡುಕಿ ದುಡ್ಡು ಸುರಿಯಬೇಡ, ನಾನ್-ಪೋಲಾರ್ ಎಲೆಕ್ಟ್ರೊಲಿಟಿಕ್ ಧಾರಾಳ ಆಯಿತು. ಆದರೆ ಪ್ಲಸ್ಸು ಮೈನಸ್ಸು ಗುರುತಿರುವ ಮಾಮೂಲಿ ಎಲೆಕ್ಟ್ರೊಲಿಟಿಕ್ ಅಲ್ಲಿ ಕೂಡದು. ಹಾಡಿನ ಕರೆಂಟು ಎರಡೂ ದಿಕ್ಕಿಗೆ ಹರಿಯುತ್ತದೆ. ತಾಮ್ರದ ಕಾಯಿಲುಗಳಿಗೆ ಮುಪ್ಪಿಲ್ಲ, ಅವುಗಳ ತಂಟೆಗೆ ಹೋಗಬೇಡ.

ಎರಡು ಪೆಟ್ಟಿಗೆಯನ್ನೂ ಒಟ್ಟಿಗೆ ಬಿಚ್ಚಬೇಡ. ಒಂದು ಮುಗಿಯಲಿ, ಇನ್ನೊಂದು ಹಾಗೇ ಇರಲಿ. ಯಾವ ವೈರು ಎಲ್ಲಿಗೆ ಅನ್ನುವುದಕ್ಕೆ ಮೊಬೈಲ್ ಫೋಟೊಗಿಂತ ಎದುರಿಗಿರುವ ಜೋಡಿಯೇ ಒಳ್ಳೇ ಸಾಕ್ಷಿ. ರಿಪೇರಿಯಾದದ್ದು ಮೊದಲಿಗಿಂತ ಚುರುಕಾಗಿ ಕೇಳಿಸುತ್ತದೆ. ಅತಿಯಾಯಿತು ಅನ್ನಿಸಿದರೆ ಗುಂಡಿಯನ್ನು ಕೊಂಚ ಇಳಿಸು. ಗುಂಡಿ ಇರುವುದೇ ಅದಕ್ಕೆ.

ಕೊನೆಗೆ, ವೂಫರ್ ಕೂರಿಸುವಾಗ ಸುತ್ತ ಹೊಸ ಸೀಲಿಂಗ್ ಪುಟ್ಟಿ ಒತ್ತಿ, ಸ್ಕ್ರೂ ಬಿಗಿದು, ಕೋನನ್ನು ಅಂಗೈಯಿಂದ ಮೆಲ್ಲಗೆ ಒಳಗೆ ತಳ್ಳಿ ಬಿಡು. ತಟ್ಟನೆ ಪುಟಿದು ಬಂದರೆ ಎಲ್ಲೋ ಸೋರುತ್ತಿದೆ, ಪುಟ್ಟಿ ನೋಡು, ಗುಂಡಿಗಳ ಸುತ್ತ ನೋಡು. ಸಾವಕಾಶವಾಗಿ ಹೊರಬಂದರೆ ಪೆಟ್ಟಿಗೆ ಗಟ್ಟಿ. ಆಮೇಲೆ ಆಂಪ್ಲಿಫೈಯರಿನ ಬೆನ್ನು ಓದು: ಇದು 4 ಓಮಿನ ಸ್ಪೀಕರು, 8ಕ್ಕೆ ಮಾತ್ರ ಅಂತ ಬರೆದಿದ್ದರೆ ಜೋಡಿಸಬೇಡ.