ನಮ್ಮ ಗುಮಾಸ್ತರು ಮತ್ತು ದಾಖಲಾತಿ ಪುಸ್ತಕ



ಕಳೆದ ವಾರ 9ನೇ ತರಗತಿಯ ಹುಡುಗನೊಬ್ಬ ನನ್ನನ್ನು ಕೇಳಿದ: "ಸಾರ್, ಆಫೀಸು ರೂಮಲ್ಲಿ ಕೂತ್ಕೊಂಡು ದಿನಾ ಏನು ಬರೀತಾರೆ?" ಒಳ್ಳೆಯ ಪ್ರಶ್ನೆ. ಪಾಠ ಮಾಡುವವರನ್ನು ನೀವು ದಿನಾ ನೋಡುತ್ತೀರಿ. ಕಛೇರಿಯಲ್ಲಿ ಬರೆಯುವವರ ಮುಂದೆ ನೀವು ನಿಲ್ಲುವುದು ಹೆಚ್ಚೆಂದರೆ ಎರಡು ಸಲ, ಶಾಲೆಗೆ ಸೇರುವ ದಿನ ಮತ್ತು ಟಿ.ಸಿ. ತೆಗೆದುಕೊಳ್ಳುವ ದಿನ. ಆ ಕೆಲಸ ಎಂಥದ್ದೆಂದು ನನಗೆ ತಿಳಿದದ್ದು ಭದ್ರಾವತಿಯಲ್ಲಿ ನಾನು ಓದಿದ ಹೈಸ್ಕೂಲಿನ ಗುಮಾಸ್ತರಿಂದ. ಅವರು ಹೋದ ತಿಂಗಳು ತೀರಿಕೊಂಡರು. 85 ವರ್ಷವಾಗಿತ್ತು. ಮನೆಯವರು "ಹೆಸರು ಹಾಕೋದು ಬೇಡ ಮೇಷ್ಟ್ರೇ, ಅವರಿಗೆ ಅದೆಲ್ಲ ಆಗ್ತಿರ್ಲಿಲ್ಲ" ಅಂದರು. ನಾವೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ಊರಿಗೆಲ್ಲ ಅವರು 'ಗುಮಾಸ್ತರು' ಅಷ್ಟೇ.

1965ರಿಂದ 1998ರ ತನಕ, 33 ವರ್ಷ, ಅವರು ಕೂತದ್ದು ಒಂದೇ ಮೇಜಿನ ಮುಂದೆ. ಮೇಜಿನ ಮೇಲೆ ನೀಲಿ-ಕಪ್ಪು ಶಾಯಿಯ ದೌತಿ, ಒತ್ತುಕಾಗದ, ಉದ್ದನೆಯ ಮರದ ರೂಲುಕೋಲು. ಹಿಂದೆ ಗಾಡ್ರೇಜ್ ಬೀರು. ಬೀರುವಿನೊಳಗೆ ಕೆಂಪು ಬಟ್ಟೆಯಲ್ಲಿ ಕಟ್ಟಿದ ದಾಖಲಾತಿ ಪುಸ್ತಕಗಳು, ಹಾಳೆಗಳ ನಡುವೆ ಒಣಗಿದ ಬೇವಿನ ಎಲೆ. ಹುಳ ಹಿಡಿಯಬಾರದು ಅಂತ ಪ್ರತಿ ವರ್ಷ ಬೇಸಿಗೆ ರಜೆಯಲ್ಲಿ ಎಲೆ ಬದಲಾಯಿಸುತ್ತಿದ್ದರು. ಹಳೇ ಎಲೆ ಪುಡಿಯಾಗಿ ಹಾಳೆಗೆ ಅಂಟಿರುತ್ತಿತ್ತು, ಅದನ್ನು ಕೋಳಿಪುಕ್ಕದಲ್ಲಿ ಗುಡಿಸುತ್ತಿದ್ದರು.

ಈಗ ದಾಖಲಾತಿ ಪುಸ್ತಕದ ವಿಷಯ. ಒಬ್ಬ ವಿದ್ಯಾರ್ಥಿಗೆ ಅದರಲ್ಲಿ ಒಂದೇ ಸಾಲು. ಕ್ರಮಸಂಖ್ಯೆ, ಸೇರಿದ ದಿನ, ಹೆಸರು, ತಂದೆತಾಯಿಯ ಹೆಸರು, ಹುಟ್ಟಿದ ಊರು, ಮಾತೃಭಾಷೆ, ಜಾತಿ, ಮೊದಲು ಓದಿದ ಶಾಲೆ. ಜನ್ಮದಿನಾಂಕವನ್ನು ಮಾತ್ರ ಎರಡು ಸಲ ಬರೆಯಬೇಕು, ಅಂಕಿಯಲ್ಲಿ ಒಮ್ಮೆ, ಅಕ್ಷರದಲ್ಲಿ ಒಮ್ಮೆ. ಯಾಕೆ? 1ನ್ನು 7 ಮಾಡುವುದಕ್ಕೆ, 3ನ್ನು 8 ಮಾಡುವುದಕ್ಕೆ ಒಂದು ಗೀಟು ಸಾಕು. 'ಸಾವಿರದ ಒಂಬೈನೂರ ಅರವತ್ತೇಳು' ಎಂದು ಬರೆದರೆ ತಿದ್ದುವುದು ಅಷ್ಟು ಸುಲಭವಲ್ಲ. ತಪ್ಪಾದರೆ ರಬ್ಬರ್ ಹಾಕುವಂತಿಲ್ಲ, ಬ್ಲೇಡಿನಿಂದ ಕೆರೆಯುವಂತಿಲ್ಲ. ಹಳೆಯದು ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದು, ಮುಖ್ಯೋಪಾಧ್ಯಾಯರ ಸಹಿ ಹಾಕಿಸಬೇಕು. ಗುಮಾಸ್ತರು ಅನ್ನುತ್ತಿದ್ದರು: "ತಪ್ಪು ಮಾಡಿದ್ದೂ ಕಾಣಬೇಕು, ತಿದ್ದಿದ್ದೂ ಕಾಣಬೇಕು."

ಭದ್ರಾವತಿಯಲ್ಲಿ ಈ ಸಾಲು ಬರೆಯುವುದು ಬೇರೆ ಊರಿನಷ್ಟು ಸುಲಭವಿರಲಿಲ್ಲ. ಮೊದಲು ಬೆಂಕಿಪುರ ಎಂದಿದ್ದ ಈ ಊರಲ್ಲಿ ಮೈಸೂರು ಸಂಸ್ಥಾನದವರು ಕಬ್ಬಿಣದ ಕಾರ್ಖಾನೆಯ ಕೆಲಸ ಶುರುಮಾಡಿದ್ದು 1918ರಲ್ಲಿ, ಕಬ್ಬಿಣ ತಯಾರಾಗತೊಡಗಿದ್ದು 1923ರಲ್ಲಿ. ಕಾಗದದ ಕಾರ್ಖಾನೆ 1936ರಲ್ಲಿ ಸ್ಥಾಪನೆಯಾಯಿತು. ಕೆಲಸ ಹುಡುಕಿಕೊಂಡು ನಾನಾ ಕಡೆಯ ಜನ ಬಂದರು. ಹಾಗಾಗಿ ನಮ್ಮ ತರಗತಿಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು, ಮಲಯಾಳ, ಮರಾಠಿ ಮನೆಮಾತಿನವರೆಲ್ಲ ಇದ್ದರು. ತಮಿಳರ ಮನೆಯಲ್ಲಿ ತಂದೆಯ ಹೆಸರೇ ಇನಿಷಿಯಲ್. ನಮ್ಮ ಕಡೆ ಕೆಲವರಿಗೆ ಊರ ಹೆಸರೂ ಸೇರುತ್ತದೆ. ಒಬ್ಬನೇ ಹುಡುಗ ಒಂದು ಶಾಲೆಯ ಟಿ.ಸಿ.ಯಲ್ಲಿ ಮಂಜ, ರೇಷನ್ ಕಾರ್ಡಿನಲ್ಲಿ ಮಂಜಪ್ಪ, ತಾಯಿಯ ಬಾಯಲ್ಲಿ ಮಂಜುನಾಥ. ಗುಮಾಸ್ತರು ತಾವಾಗಿ ಯಾವುದನ್ನೂ ಬರೆಯುತ್ತಿರಲಿಲ್ಲ. ತಾಯಿಯನ್ನು ಕೂರಿಸಿ, "ಅವ್ವಾ, ಮನೇಲಿ ಹೇಗೆ ಕರೀತೀರಿ, ನಾಮಕರಣದಲ್ಲಿ ಏನು ಇಟ್ರಿ?" ಎಂದು ಕೇಳಿ, ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದರು. ಸಾಲು ಉದ್ದ ನಿಂತರೂ ಇಷ್ಟೂ ಆಗಲೇಬೇಕು. ಹೊರಗೆ ನಿಂತವರು ಬೈದುಕೊಳ್ಳುತ್ತಿದ್ದರು, ನಮ್ಮಪ್ಪನೂ ಬೈದುಕೊಂಡವರೇ.

ನಾನು 8ನೇ ತರಗತಿಗೆ ಸೇರಲು ಹೋದದ್ದು 1979ರ ಜೂನ್‌ನಲ್ಲಿ. ನನ್ನ ಟಿ.ಸಿ. ಓದಿದ ಗುಮಾಸ್ತರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಆಮೇಲೆ ಮತ್ತೆ ಟಿ.ಸಿ. ನೋಡಿದರು. ಅದರಲ್ಲಿ 1-6-1966 ಎಂದಿತ್ತು.

"ಏನೋ ಮರಿ, ನಿಂಗೆ ಹದಿಮೂರು ತುಂಬಿದೆಯಾ? ಹಾಗೆ ಕಾಣಲ್ವಲ್ಲೋ!"

ಈ ಜೂನ್ 1ರ ಕಥೆ ನಿಮಗೆ ಹೇಳಬೇಕು. ನಿಮ್ಮ ಅಜ್ಜ ಅಜ್ಜಿಯರ ಕಾರ್ಡು ನೋಡಿ, ಅನೇಕರ ಜನ್ಮದಿನ ಜೂನ್ 1 ಇರುತ್ತದೆ. ಅವರೆಲ್ಲ ಒಂದೇ ದಿನ ಹುಟ್ಟಿದವರಲ್ಲ! ಜನನ ಮರಣ ನೋಂದಣಿಯ ಕಾಯ್ದೆ ಬಂದದ್ದು 1969ರಲ್ಲಿ. ಅದಕ್ಕೂ ಮುಂಚೆ, ನಂತರವೂ ಎಷ್ಟೋ ವರ್ಷ, ಹಳ್ಳಿಯಲ್ಲಿ ಹುಟ್ಟಿದ ದಿನ ಬರೆದಿಟ್ಟವರು ಕಡಿಮೆ. ಮೇಷ್ಟ್ರು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಕಿವಿ ಮುಟ್ಟಿಸುತ್ತಿದ್ದರು. ಮುಟ್ಟಿದರೆ ಶಾಲೆಗೆ ಬರುವ ವಯಸ್ಸಾಯಿತು ಅಂತ ಲೆಕ್ಕ. ಶಾಲೆ ಶುರುವಾಗುವ ಜೂನ್‌ನಿಂದ ಆರು ವರ್ಷ ಹಿಂದಕ್ಕೆ ಎಣಿಸಿ ಒಂದು ತಾರೀಕು ಹಾಕಿಬಿಡುತ್ತಿದ್ದರು. ನನ್ನದೂ ಹಾಗೇ ಆಗಿತ್ತು. ಅದು ಯಾವ ಶಾಲೆ ಎಂದು ಬರೆಯುವುದಿಲ್ಲ, ಆ ಮೇಷ್ಟ್ರನ್ನು ದೂರುವುದೂ ಇಲ್ಲ. 1ನೇ ತರಗತಿಗೆ ಮಕ್ಕಳು ಸಾಲದಿದ್ದಾಗ ಕಿವಿ ಮುಟ್ಟದ ನನ್ನನ್ನೂ ಕೂರಿಸಿಕೊಂಡಿದ್ದರು, ಅಷ್ಟೇ.

ಗುಮಾಸ್ತರು ಅವ್ವನನ್ನು ಕರೆಸಿದರು. ಅವ್ವನಿಗೆ ಇಸವಿ ಗೊತ್ತಿಲ್ಲ. "ಪ್ಲವಂಗ ಸಂವತ್ಸರ ಸ್ವಾಮಿ, ಆಯುಧಪೂಜೆ ಮಾರನೇ ದಿನ. ನನ್ನ ಮೈದುನನ ಮದುವೆ ಆದ ವರ್ಷವೇ" ಅಂದಳು. ಆಗ ಅವರು ಮೇಜಿನ ಖಾನೆಯಿಂದ ಒಂದು ರಟ್ಟು ತೆಗೆದರು. ಅದರಲ್ಲಿ ಅರವತ್ತು ಸಂವತ್ಸರಗಳ ಹೆಸರು, ಎದುರಿಗೆ ಇಂಗ್ಲಿಷ್ ಇಸವಿ, ಎಲ್ಲ ಅವರದೇ ಕೈಬರಹ. ಪ್ಲವಂಗದ ಎದುರು 1967–68.

ಮಕ್ಕಳೇ, ಇಲ್ಲಿ ಒಂದು ಲೆಕ್ಕ ಕಲಿಯಿರಿ. ಸಂವತ್ಸರ ಶುರುವಾಗುವುದು ಯುಗಾದಿಗೆ, ಜನವರಿಗಲ್ಲ. ಆದ್ದರಿಂದ ಒಂದು ಸಂವತ್ಸರಕ್ಕೆ ಎರಡು ಇಸವಿ ಬರುತ್ತದೆ. ಪ್ಲವಂಗದ ಆಯುಧಪೂಜೆ ಅಂದರೆ 1967ರ ಅಕ್ಟೋಬರ್. ಅದೇ ಪ್ಲವಂಗದ ಮಾಘ ಮಾಸದಲ್ಲಿ ಹುಟ್ಟಿದ್ದರೆ 1968ರ ಫೆಬ್ರವರಿಯ ಸುಮಾರು ಆಗುತ್ತಿತ್ತು. ತಿಂಗಳು ಕೇಳದೆ ಬರೀ ಸಂವತ್ಸರದಿಂದ ಇಸವಿ ಬರೆದರೆ ಒಂದು ವರ್ಷ ಏರುಪೇರಾಗುತ್ತದೆ.

ಅಂದರೆ ಪುಸ್ತಕದಲ್ಲಿ ನನಗೆ ಒಂದು ವರ್ಷ ನಾಲ್ಕು ತಿಂಗಳು ಹೆಚ್ಚು ವಯಸ್ಸು. ಟಿ.ಸಿ.ಯಲ್ಲಿ ಇದ್ದದ್ದನ್ನು ಗುಮಾಸ್ತರು ತಾವೇ ಬದಲಾಯಿಸುವ ಹಾಗಿಲ್ಲ. 1-6-1966 ಎಂದೇ ಬರೆದುಕೊಂಡರು. ಆದರೆ ಬರುವ ಭಾನುವಾರ ಸೈಕಲ್ ತುಳಿದುಕೊಂಡು ನಮ್ಮ ಊರಿಗೇ ಬಂದುಬಿಟ್ಟರು. ಜಗಲಿಯ ಮೇಲೆ ಕೂತು ಅಪ್ಪನಿಗೆ ಹೇಳಿದರು: "ಯಜಮಾನ್ರೇ, ತಮ್ಮನ ಲಗ್ನಪತ್ರಿಕೆ ಇದ್ರೆ ಹುಡುಕಿ. ಕೋರ್ಟಿಗೆ ಒಂದು ಅರ್ಜಿ ಹಾಕಿ ಸರಿಮಾಡಿಸ್ಕೊಳ್ಳಿ. ಹತ್ತನೇ ಕ್ಲಾಸಿನ ಪಟ್ಟಿ ಬೆಂಗಳೂರಿಗೆ ಹೋಗೋದರೊಳಗೆ ಆಗ್ಬೇಕು. ಆಮೇಲೆ ಎಸ್.ಎಸ್.ಎಲ್.ಸಿ. ಕಾರ್ಡಿನಲ್ಲಿ ಬಂದದ್ದೇ ಇವನ ವಯಸ್ಸು."

ಅಪ್ಪ ನಕ್ಕರು. "ಸ್ವಾಮಿ, ಒಂದು ವರ್ಷ ದೊಡ್ಡೋನಾದ್ರೆ ಏನು ನಷ್ಟ? ಬೇಗ ನೌಕರಿ ಸಿಗುತ್ತೆ. ಕೋರ್ಟು ಗೀರ್ಟು ಅಂತ ಅಲೆಯೋಕೆ ನಾಟಿ ಬಿಟ್ಟು ಯಾರು ಬರ್ತಾರೆ?"

ಗುಮಾಸ್ತರು ಅವ್ವ ಕೊಟ್ಟ ಮಜ್ಜಿಗೆ ಕುಡಿದು ಹೊರಟರು. ಮುಂದೆ ಎರಡು ವರ್ಷ, ನಾನು ಫೀಸು ಕಟ್ಟಲು ಹೋದಾಗೆಲ್ಲ "ಲಗ್ನಪತ್ರಿಕೆ ಸಿಕ್ತೇನೋ?" ಎಂದು ಕೇಳುತ್ತಿದ್ದರು. 10ನೇ ತರಗತಿಯ ಪಟ್ಟಿ ಹೋದ ಮೇಲೆ ಕೇಳುವುದು ನಿಲ್ಲಿಸಿದರು.

ತಪ್ಪು ಅಪ್ಪನದು ಮಾತ್ರ ಎಂದು ಹೇಳಿದರೆ ಸುಳ್ಳಾಗುತ್ತದೆ. ಸರಕಾರಿ ನೌಕರರ ವಯಸ್ಸಿನ ಬಗ್ಗೆ ನಮ್ಮ ರಾಜ್ಯದಲ್ಲಿ 1974ರ ಕಾಯ್ದೆಯೊಂದಿದೆ. ಸೇವಾ ಪುಸ್ತಕದಲ್ಲಿ ವಯಸ್ಸು ದಾಖಲಾದ ಮೂರು ವರ್ಷದೊಳಗೆ ಕೇಳಿದರೆ ಉಂಟು, ಆಮೇಲೆ ಇಲ್ಲ. ನೌಕರಿಗೆ ಸೇರಿದ ಹೊಸದರಲ್ಲಿ ನನಗೂ ಅದರ ನೆನಪಾಗಲಿಲ್ಲ. ನೆನಪಾದರೂ ಮಾಡುತ್ತಿದ್ದೆನೋ ಇಲ್ಲವೋ. ಈಗ ನೋಡಿ: 60 ತುಂಬುವ ತಿಂಗಳ ಕೊನೆಯ ದಿನ ನಿವೃತ್ತಿ, ಆದರೆ ತಿಂಗಳ ಒಂದನೇ ತಾರೀಕು ಹುಟ್ಟಿದವರಿಗೆ ಹಿಂದಿನ ತಿಂಗಳ ಕೊನೆಯ ದಿನವೇ. ಮೇ 31ರಂದು ಅಷ್ಟೊಂದು ಮೇಷ್ಟ್ರುಗಳಿಗೆ ಒಟ್ಟಿಗೆ ಹಾರ ಹಾಕುವುದು ಇದರಿಂದಲೇ. ನನ್ನದು 2026ರ ಮೇ 31. ನಿಜವಾಗಿ ಹುಟ್ಟಿದ ದಿನ ಹಿಡಿದರೆ 2027ರ ಅಕ್ಟೋಬರ್ ಕೊನೆಯ ತನಕ ನಿಮಗೆ ಪಾಠ ಮಾಡಬಹುದಿತ್ತು. ಆ ವರ್ಷ ಯುಗಾದಿಗೆ ಪ್ಲವಂಗವೂ ಮತ್ತೆ ಬರುತ್ತದೆ, ಅರವತ್ತು ವರ್ಷದ ನಂತರ.

ಗುಮಾಸ್ತರ ಇನ್ನೊಂದು ಕೆಲಸ ಸಂಬಳದ ಬಿಲ್ಲು. ತಿಂಗಳ ಕೊನೆಗೆ ಬಿಲ್ಲುಗಳನ್ನು ಬಟ್ಟೆಚೀಲದಲ್ಲಿಟ್ಟುಕೊಂಡು ಶಿವಮೊಗ್ಗದ ಬಸ್ಸು ಹತ್ತುತ್ತಿದ್ದರು. ಕೆಲವು ಸಲ ರೈಲು. ಬೀರೂರಿನಿಂದ ಭದ್ರಾವತಿಯ ಮೇಲೆ ಶಿವಮೊಗ್ಗಕ್ಕೆ ಹೋಗುವ ಆ ದಾರಿ 1899ರಿಂದ ಇದೆ. ಶಿವಮೊಗ್ಗದ ಕಛೇರಿಯಲ್ಲಿ ಒಂದು ಕೂಡುವ ತಪ್ಪಿದ್ದರೂ ಬಿಲ್ಲು ವಾಪಸ್ಸು, ಇಡೀ ಶಾಲೆಯ ಸಂಬಳ ತಡ. ಅದಕ್ಕೇ ಪ್ರತಿ ಮೊತ್ತವನ್ನೂ ಮೇಲಿನಿಂದ ಕೆಳಗೆ ಒಮ್ಮೆ, ಕೆಳಗಿನಿಂದ ಮೇಲೆ ಒಮ್ಮೆ ಕೂಡುತ್ತಿದ್ದರು. ಎರಡೂ ತಾಳೆಯಾದರೆ ಪೆನ್ಸಿಲಿನಲ್ಲಿ ಸಣ್ಣ ಚುಕ್ಕಿ. ನಾನು ನಿಮ್ಮ ಅಂಕಗಳನ್ನು ಕೂಡಿದ ಮೇಲೆ ಹಾಕುವ ಚುಕ್ಕಿ ಅವರಿಂದ ಕಲಿತದ್ದು.

ನಿವೃತ್ತರಾದ ಮೇಲೂ ಅವರನ್ನು ಜನ ಬಿಡಲಿಲ್ಲ. 2015ರಲ್ಲಿ ಕಾಗದದ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತಿತು. ಮುಂದಿನ ವರ್ಷಗಳಲ್ಲಿ ಊರು ಬಿಡುವವರು ಮಕ್ಕಳ ಟಿ.ಸಿ.ಗೆ ಬರುತ್ತಿದ್ದರು, ತಮ್ಮದೇ ಹಳೇ ದಾಖಲೆ ಬೇಕಾದವರೂ ಬರುತ್ತಿದ್ದರು. ಹೊಸ ಗುಮಾಸ್ತರಿಗೆ ಪುಟ ಸಿಗದಿದ್ದರೆ ಇವರ ಮನೆಗೆ ಆಳು ಹೋಗುತ್ತಿತ್ತು. ಎಂಬತ್ತರ ಹತ್ತಿರದ ವಯಸ್ಸಿನಲ್ಲಿ ಆಟೋದಲ್ಲಿ ಬಂದು, "ಯಾವ ವರ್ಷ ಸೇರಿದ್ದು? ಅಣ್ಣನೂ ಇಲ್ಲೇ ಓದಿದ್ನಾ?" ಎಂದು ಕೇಳಿ, ಅಣ್ಣನ ಸಾಲಿನಿಂದ ತಮ್ಮನ ಸಾಲು ಹುಡುಕಿ ಕೊಡುತ್ತಿದ್ದರು. ಒಮ್ಮೆ ನಾನೂ ಅಲ್ಲಿದ್ದೆ. ನನ್ನ ಪುಟವನ್ನು ತಾವಾಗಿ ತೆಗೆದು ತೋರಿಸಿದರು. 1-6-1966ರ ಪಕ್ಕ, ಅಂಚಿನಲ್ಲಿ, ಪೆನ್ಸಿಲಿನಲ್ಲಿ 'ಪ್ಲವಂಗ, ವಿಚಾರಿಸುವುದು' ಎಂದು ಸಣ್ಣಗೆ ಬರೆದಿತ್ತು. 1979ರದು. ಅಳಿಸಿರಲಿಲ್ಲ.

ಈಗ ನಿಮ್ಮ ವಿವರಗಳೆಲ್ಲ ಕಂಪ್ಯೂಟರಿನಲ್ಲಿವೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಜನನ ಪ್ರಮಾಣಪತ್ರವೇ ಆಧಾರ. ಆದರೂ ಕಂಪ್ಯೂಟರಿಗೆ ತುಂಬುವವರು ಮನುಷ್ಯರೇ. ನಮ್ಮ ಶಾಲೆಯಲ್ಲೇ ಈ ವರ್ಷ ಇಬ್ಬರ ತಾಯಿಯ ಹೆಸರು ಅದಲುಬದಲಾಗಿತ್ತು.

ಆದ್ದರಿಂದ ಬರುವ ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ದಾಖಲಾತಿ ಪುಸ್ತಕವನ್ನು ಕಛೇರಿಯ ಮೇಜಿನ ಮೇಲೆ ಇಟ್ಟಿರುತ್ತೇವೆ. 10ನೇ ತರಗತಿಯವರು ಮೊದಲು ಬನ್ನಿ, ನಿಮ್ಮ ಪಟ್ಟಿ ಪರೀಕ್ಷಾ ಮಂಡಳಿಗೆ ಹೋಗುವುದಿದೆ. ಕೈ ತೊಳೆದುಕೊಂಡು ಬನ್ನಿ. ಜನನ ಪ್ರಮಾಣಪತ್ರ ತನ್ನಿ. ಇಲ್ಲದವರು ಅಮ್ಮನನ್ನೋ ಅಜ್ಜಿಯನ್ನೋ ಕರೆದುಕೊಂಡು ಬನ್ನಿ. ಸಂವತ್ಸರದ ರಟ್ಟು ನನ್ನ ಹತ್ತಿರ ಇದೆ. ಗುಮಾಸ್ತರ ಮಗ ಹನ್ನೊಂದನೇ ದಿನ ನನ್ನ ಕೈಗೆ ಕೊಟ್ಟರು.