ಗೋಮಾಳದಲ್ಲಿ ವಾರ್ಷಿಕ ಕಳೆಗಳ ಹತೋಟಿ

ಬೇಲೂರು, ಹಳೇಬೀಡುಗಳೆಂದರೆ ಪರಸ್ಥಳದವರಿಗೆ ನೆನಪಾಗುವುದು ಶಿಲ್ಪಕಲೆ. ಇಲ್ಲಿಂದ ಅರಸೀಕೆರೆಯವರೆಗಿನ ಹಳ್ಳಿಗರಿಗಾದರೋ ಗುಡಿಯಷ್ಟೇ ಮುಖ್ಯವಾದುದು ಗೋಮಾಳ. 1966ರ ಭೂಕಂದಾಯ ನಿಯಮಗಳು 100 ದನಗಳಿಗೆ 12 ಹೆಕ್ಟೇರಿನಂತೆ ಮೇವಿನ ನೆಲವನ್ನು ಕಾದಿರಿಸಬೇಕೆಂದು ವಿಧಿಸುತ್ತವೆ. ಆದರೆ ನೆಲವಿದ್ದ ಮಾತ್ರಕ್ಕೆ ಮೇವು ಇರುವುದೆನ್ನಲಾಗದು. ಹೊಲವಿಲ್ಲದೆ ಎರಡು ಹಸುಗಳನ್ನೇ ನಂಬಿದ ಮನೆಗೆ, ಗೋಮಾಳದಲ್ಲಿ ಹುಲ್ಲಿಗೆ ಬದಲು ಕಳೆ ಬೆಳೆದರೆ ಗತಿಯೇನು?

ಕಳೆಗಳಲ್ಲಿ ಎರಡು ಬಗೆ. ಲಂಟಾನದಂಥವು ಬಹುವಾರ್ಷಿಕ, ಕಡಿದರೂ ಬುಡದಿಂದ ಚಿಗುರುತ್ತವೆ. ತಗಚೆ, ಪಾರ್ಥೇನಿಯಂ ಮೊದಲಾದವು ವಾರ್ಷಿಕ. ಇವುಗಳ ಮುಂದಿನ ಬದುಕೆಲ್ಲ ಬೀಜದಲ್ಲಿದೆ. ಆದುದರಿಂದ ಬೀಜ ಕಟ್ಟಗೊಡದಿರುವುದೇ ಹತೋಟಿಯ ಮೂಲಸೂತ್ರ.

ನಾವು ಕಾಂಗ್ರೆಸ್ ಗಿಡವೆಂದು ಕರೆಯುವ ಪಾರ್ಥೇನಿಯಂ ಅಮೆರಿಕ ಖಂಡದ ಸಸ್ಯ. 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟು ದೇಶವನ್ನೆಲ್ಲ ವ್ಯಾಪಿಸಿತು. ಒಂದು ಗಿಡ ಸಾವಿರಗಟ್ಟಲೆ ಬೀಜ ಉದುರಿಸುತ್ತದೆ. ದನಗಳು ಸಾಮಾನ್ಯವಾಗಿ ಇದನ್ನು ಬಿಟ್ಟು ಹುಲ್ಲನ್ನೇ ಮೇಯುತ್ತವೆ. ಹುಲ್ಲು ಸವೆದು ನೆಲ ಬೋಳಾದಷ್ಟೂ ಇದಕ್ಕೆ ಅನುಕೂಲ. ಹಸಿವು ತಾಳದೆ ತಿಂದ ಹಸುವಿನ ಹಾಲು ಕಹಿಯಾಗುತ್ತದೆ.

ಭರಣಿಯ ಮಳೆಗೆ ಮೊಳೆತ ಗಿಡ ಮೃಗಶಿರೆಯ ಹೊತ್ತಿಗೆ ಹೂ ತಳೆಯಬಲ್ಲದು. ನೆಲ ಹಸಿಯಿರುವಾಗ, ಹೂ ಬರುವ ಮುನ್ನ, ಬೇರುಸಹಿತ ಕೀಳಬೇಕು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ? ಬರಿಗೈಯಲ್ಲಿ ಕಿತ್ತರೆ ಚರ್ಮಕ್ಕೆ ತುರಿಕೆ ಬರುವ ಸಂಭವವುಂಟು, ಕೈಚೀಲ ಅವಶ್ಯ. ಹೂವಿಲ್ಲದ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಬೀಜ ನೆಲದಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ ಒಂದು ಸಲ ಕಿತ್ತರೆ ಸಾಲದು. ಪ್ರತಿ ಮಳೆಯ ಬಳಿಕವೂ ನೋಡಬೇಕು.

ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಜೈಗೋಗ್ರಾಮ ದುಂಬಿ ಮಳೆಗಾಲದಲ್ಲಿ ಇದರ ಎಲೆಯನ್ನು ತಿನ್ನುತ್ತದೆ. ಬೇಸಗೆಯಲ್ಲಿ ಅದು ಮಣ್ಣಿನಲ್ಲಿ ಅಡಗುವುದರಿಂದ ಅದನ್ನೊಂದನ್ನೇ ನಂಬಲಾಗದು. 2,4-ಡಿ ಎಂಬ ಔಷಧ ಅಗಲ ಎಲೆಯ ಕಳೆಯನ್ನು ಕೊಂದು ಹುಲ್ಲನ್ನು ಬಹುಮಟ್ಟಿಗೆ ಉಳಿಸುತ್ತದೆ. ಆದರೆ ಮೇವಿಗೆ ಉತ್ತಮವಾದ ದ್ವಿದಳ ಗಿಡಗಳೂ ಸಾಯುತ್ತವೆ, ಸಿಂಪಡಿಸಿದ ನೆಲಕ್ಕೆ ಕೆಲವು ಕಾಲ ದನ ಬಿಡಲಾಗದು.

ನಿಜವಾದ ಮದ್ದು ದಟ್ಟವಾದ ಹುಲ್ಲೇ. ನಮ್ಮ ಸೀಮೆಯ ಅಮೃತಮಹಲ್ ಕಾವಲುಗಳ ಹಳೆಯ ಪದ್ಧತಿ ಇಲ್ಲಿ ಪಾಠವಾಗಬಲ್ಲದು. ಬೇಸಗೆ, ಮಳೆಗಾಲ, ಚಳಿಗಾಲಗಳಿಗೆ ಬೇರೆ ಬೇರೆ ಕಾವಲುಗಳನ್ನು ಗೊತ್ತುಮಾಡಿ ದನಗಳನ್ನು ಸಾಗಿಸುತ್ತಿದ್ದರು. ಉಳಿದ ನೆಲಕ್ಕೆ ವಿಶ್ರಾಂತಿ ದೊರೆಯುತ್ತಿತ್ತು. ಗೋಮಾಳವನ್ನೂ ಮೂರು ಪಾಲು ಮಾಡಿ, ಮುಂಗಾರಿನಲ್ಲಿ ಒಂದು ಪಾಲಿಗೆ ದನ ಬಿಡದೆ ಸ್ಟೈಲೋ ಮೇವಿನ ಬೀಜ ಎರಚಿದರೆ ಕಳೆಗೆ ಎಡೆ ಕಡಿಮೆಯಾಗುತ್ತದೆ.

ಶಾಲೆಯ ಮೆಟ್ಟಿಲು ಹತ್ತದ ನನ್ನ ತಾಯಿಗೆ, ಹೂ ಬಿಡುವ ಮುನ್ನ ಕಳೆ ಕೀಳಬೇಕೆಂಬುದು ಚೆನ್ನಾಗಿ ಗೊತ್ತು. ರಾಗಿಯ ಹೊಲದಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಾರೆ. ಗೋಮಾಳ ಎಲ್ಲರದೂ ಆದುದರಿಂದಲೇ ಅಲ್ಲಿ ಬಾಗುವವರಿಲ್ಲ. ಕೊರತೆಯಿರುವುದು ತಿಳಿವಳಿಕೆಗಲ್ಲ, ಒಟ್ಟುಗೂಡುವಿಕೆಗೆ. ಹಳ್ಳಿಯಿಂದ ಬಂದಿರುವ ನಾವು ವಿದ್ಯಾರ್ಥಿಗಳು ಮುಂಗಾರಿನ ಒಂದು ಭಾನುವಾರ ನಮ್ಮ ನಮ್ಮ ಊರಿನ ಗೋಮಾಳದಲ್ಲಿ ಹತ್ತು ಜನರನ್ನು ಕೂಡಿಸಿದರೆ, ಓದಿದ್ದು ಅಷ್ಟರಮಟ್ಟಿಗೆ ಸಾರ್ಥಕವಾದೀತು.